ಯಾರೂ ಸಾಯದ ಪುಸ್ತಕ

ಮಾರ್ಚ್ 4, ಬೆಳಿಗ್ಗೆ 7.10

ಕಣ್ಣಿಗೆ ಹನಿ ಹಾಕಿದ್ದಾಯಿತು. ಕೆಂಪು ಮುಚ್ಚಳದ್ದು ಮೊದಲು. ಐದು ನಿಮಿಷ ಬಿಟ್ಟು ಬಿಳಿ ಮುಚ್ಚಳದ್ದು. ಅಷ್ಟು ಹೊತ್ತು ಮಾತ್ರ ಅಕ್ಕ ಮುಖ ಎತ್ತಬಹುದು. ಆಮೇಲೆ ಮತ್ತೆ ಬೋರಲು. ಹಣೆ ಉಂಗುರದಂಥ ದಿಂಬಿನ ಮೇಲೆ, ಮುಖ ಮಂಚದ ಅಂಚಿನಾಚೆ ನೆಲ ನೋಡುತ್ತ. ಚಹಾ ಸ್ಟ್ರಾದಲ್ಲಿ. ನಾನು ಕೆಳಗೆ ಕೂತು ಲೋಟ ಎತ್ತಿ ಹಿಡಿಯಬೇಕು.

ಐದನೇ ದಿನ. ಇನ್ನೂ ಹದಿನಾರು. ಕಿತ್ತು ಬಂದಿದ್ದ ರೆಟಿನಾ ಪರದೆ ಅಂಟಿಸಿ ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಮುಖ ಕೆಳಗಿದ್ದರೆ ಗುಳ್ಳೆ ಮೇಲಕ್ಕೇರಿ ಅದನ್ನು ಒತ್ತಿ ಹಿಡಿಯುತ್ತದಂತೆ. ಎಡಗಣ್ಣು ಆರು ವರ್ಷದ ಹಿಂದೆಯೇ ಹೋಯಿತು. ಉಳಿದಿರುವುದು ಇದೊಂದು. "ತಲೆ ಎತ್ತಿದ್ರೋ, ಕಣ್ಣಿನ ಆಸೆ ಬಿಟ್ಬಿಡಿ" ಅಂದಿದ್ದಾರೆ ಡಾಕ್ಟರು.

ನಿನ್ನೆ ಎತ್ತಿದಳು. ತಪ್ಪು ನನ್ನದೇ. ಅವಳಿಗೆ ಓದಿ ಹೇಳುತ್ತಿದ್ದ ಕಾದಂಬರಿ ಚೆನ್ನಾಗಿತ್ತು, ಮದುವೆ ಮನೆ, ನಗು, ಗಲಾಟೆ. ನಲವತ್ತನೇ ಪುಟದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಒಬ್ಬ ಇನ್ನೊಬ್ಬನ ಹೊಟ್ಟೆಗೆ ಚೂರಿ ಹಾಕಿದ. ಅಲ್ಲಿಗೂ ನಿಲ್ಲಿಸದೆ ಲೇಖಕ ಅರ್ಧ ಪುಟ ಕರುಳು ವರ್ಣಿಸಿದ. ಅಕ್ಕ ದಡಕ್ಕನೆ ಎದ್ದು ಕೂತಳು. ಎರಡು ನಿಮಿಷ.

ಮಧ್ಯಾಹ್ನ 3

ಬರೆದಿಟ್ಟರೆ ನನಗೇ ಸ್ಪಷ್ಟವಾಗಬಹುದು. ಅಕ್ಕ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿಗಳು ಹೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಇಳಿಸಿಕೊಂಡವಳು. ಯಾವ ಕತ್ತಿ, ಎಷ್ಟು ಇಂಚು, ಯಾವ ಪಕ್ಕೆ. ಬೈಗುಳವನ್ನೂ ಬಿಡುವಂತಿಲ್ಲ, ಬೈದ ಹಾಗೇ ಬರೆಯಬೇಕು. ಆಮೇಲೆ ನ್ಯಾಯಾಧೀಶರು "ಓದಿ ಹೇಳಿ" ಅಂದರೆ ಎದ್ದು ನಿಂತು, ತುಂಬಿದ ಕೋರ್ಟಿನಲ್ಲಿ, ಆ ಹೊಲಸು ಮಾತುಗಳನ್ನು ತನ್ನ ಬಾಯಿಂದ ಓದಬೇಕು. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರಂತೆ. ಇದನ್ನು ಅವಳು ಹೇಳಿದ್ದು ರಿಟೈರಾದ ಮೇಲೆ, ಅದೂ ಒಂದೇ ಸಲ.

ಈಗಲೂ ನಾನು ಓದುವಾಗ ಅವಳ ಬೆರಳು ಮಂಚದ ಪಟ್ಟಿಯ ಮೇಲೆ ಏನೋ ಗೀಚುತ್ತಿರುತ್ತದೆ. ಚೂರಿ ಬಂದಾಗಲೂ ಗೀಚುತ್ತಿತ್ತು.

ರೇಡಿಯೋ ಹಾಕಿದರೆ ಪ್ರತಿ ಗಂಟೆಗೊಮ್ಮೆ ಸುದ್ದಿ, ಪ್ರತಿ ಸುದ್ದಿಯಲ್ಲೂ ಹೆಣ. ಟಿವಿ ನೋಡುವಂತಿಲ್ಲ. ಸುಮ್ಮನೆ ಮಲಗಿದರೆ ಕುತ್ತಿಗೆ ನೋವು, ಬೆನ್ನು ನೋವು, ಆಮೇಲೆ "ಸಾಕು ಕಣೇ, ಕಣ್ಣೂ ಬೇಡ ಏನೂ ಬೇಡ" ಶುರು. ಅವಳನ್ನು ಆ ದಿಂಬಿಗೆ ಕಟ್ಟಿಹಾಕಬಲ್ಲದ್ದು ಒಂದೇ, ಕಥೆ.

ಮಾರ್ಚ್ 5, ರಾತ್ರಿ

ಲೈಬ್ರರಿಗೆ ಹೋಗಿದ್ದೆ. ಲೈಬ್ರೇರಿಯನ್ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು.

"ಎಂಥದ್ದು ಬೇಕು?"

"ಕಾದಂಬರಿ. ಕೊಲೆ, ಹೊಡೆದಾಟ, ಕೆಟ್ಟ ಮಾತು ಇರಬಾರದು. ಬೇಜಾರೂ ಆಗಬಾರದು."

"ಸೊಸೆ ಹುಡುಕ್ತಿದೀರಾ, ಪುಸ್ತಕಾನಾ?"

ನಗಬೇಕಿತ್ತು. ನಗು ಬರಲಿಲ್ಲ. ಅವಳು ಕಪಾಟಿನತ್ತ ಕೈ ಬೀಸಿದಳು. "ಅಲ್ಲಿಂದ ಇಲ್ಲೀವರೆಗೆ ಕಾದಂಬರಿ. ಬೆನ್ನ ಮೇಲೆ ಹೆಸರು ಬರೆದಿರ್ತಾರೆ, ಹೆಣ ಎಷ್ಟು ಅಂತ ಬರೆದಿರಲ್ಲ. ನೀವೇ ನೋಡ್ಕೊಳ್ಳಿ ಮೇಡಂ."

ಹನ್ನೊಂದು ತಂದೆ. ಪ್ರೆಸ್ಸಿಗೆ ಒಂದು ತಿಂಗಳು ರಜೆ ಹಾಕಿದ್ದೇನೆ, ಆದರೂ ಪ್ರೂಫ್ ನೋಡುವ ಕಣ್ಣು ಹೋಗಬೇಕಲ್ಲ. ಪೆನ್ಸಿಲ್ ಹಿಡಿದು ಕೂತೆ. ಮೊದಲನೆಯದರಲ್ಲಿ ಹದಿಮೂರನೇ ಪುಟಕ್ಕೇ ಬಾವಿಯಲ್ಲಿ ಹೆಣ. ಎರಡನೆಯದರ ನಾಯಕ ಬಾಯಿ ತೆರೆದರೆ ಚರಂಡಿ. ಮೂರನೆಯದು ಸೌಮ್ಯ ಅಂದುಕೊಂಡು ನೂರೈವತ್ತು ಪುಟ ಹೋದೆ, ಕೊನೆಗೆ ಒಂದು ಮಗು... ಬರೆಯುವುದಿಲ್ಲ. ಎಂ.ಎ. ಮಾಡಿ ಇಪ್ಪತ್ತೈದು ವರ್ಷ ಓದಿಕೊಂಡು ಬಂದಿದ್ದೇನೆ. ಇಷ್ಟು ರಕ್ತದ ನಡುವೆ ಓದುತ್ತಿದ್ದೆ ಅಂತ ಗೊತ್ತೇ ಇರಲಿಲ್ಲ.

ಉಳಿದದ್ದು ಎರಡು.

ಮಾರ್ಚ್ 6

ಎರಡರಲ್ಲಿ ಒಂದು ಮುಗಿಯಿತು. ಮುಗಿಯಿತು ಅಂದರೆ, ಅಕ್ಕ ಮುಗಿಸಿದಳು.

"ಈ ಕಥೇಲಿ ಎಷ್ಟು ಜನ ಇದ್ದಾರೆ?"

"ಒಂಬತ್ತು."

"ಒಂಬತ್ತು ಜನಾನೂ ಒಳ್ಳೆಯವರು. ಬೆಳಿಗ್ಗೆ ಏಳ್ತಾರೆ, ಒಬ್ಬರಿಗೊಬ್ಬರು ಬುದ್ಧಿ ಹೇಳ್ಕೋತಾರೆ, ಮಲಗ್ತಾರೆ. ಎಲ್ಲರೂ ಸೇರಿ ನನ್ನೊಬ್ಬಳನ್ನ ಸಾಯಿಸ್ತಿದಾರೆ. ಇದಕ್ಕೆ ಯಾವ ಸೆಕ್ಷನ್ ಹಾಕೋಣ?"

"ಉಳಿದಿರೋ ಇನ್ನೊಂದೂ ಇಂಥದ್ದೇ. ಇನ್ನೇನು ಓದ್ಲಿ ಹೇಳು."

"ಏನಾದ್ರೂ ಆಗ್ಬೇಕು ಕಣೇ. ಯಾರೂ ಸಾಯದೆ, ಏನಾದ್ರೂ ಆಗ್ಬೇಕು. ಅಷ್ಟು ಕಷ್ಟಾನಾ ನಿಮ್ಮ ಸಾಹಿತಿಗಳಿಗೆ?"

ನನ್ನ ಕವಿತೆ ಪುಸ್ತಕಗಳನ್ನು ತಂದೆ. ನನ್ನ ಜೀವ ಹಿಡಿದಿಟ್ಟ ಪುಸ್ತಕಗಳು. ಮೊದಲ ಕವಿತೆಯಲ್ಲೇ ಸೂರ್ಯ ಮುಳುಗುತ್ತ ನೆತ್ತರು ಕಾರಿದ. ಅಕ್ಕ ಕೆಳಮುಖವಾಗಿಯೇ ನಿಟ್ಟುಸಿರಿಟ್ಟಳು. "ಸಂಜೆ ಆಗೋಕೂ ರಕ್ತ ಬೇಕೇನೇ ಇವರಿಗೆ?" ಎರಡನೆಯದಕ್ಕೆ ನಿದ್ದೆ ಹೋದಳು. ನಿದ್ದೆಯಲ್ಲಿ ಪಕ್ಕಕ್ಕೆ ಹೊರಳಿದಳು. ಓಡಿಹೋಗಿ ಹಿಡಿದು ತಿರುಗಿಸಿದೆ.

ಮಾರ್ಚ್ 8, ಬೆಳಿಗ್ಗೆ

ದಾರಿ ಸಿಕ್ಕಿದೆ. ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಹನ್ನೊಂದರಲ್ಲಿ ಒಂದು ತುಂಬ ಚೆನ್ನಾಗಿತ್ತು. ದೊಡ್ಡ ತೋಟದ ಮನೆ, ಮೂವರು ಅಕ್ಕತಂಗಿಯರು, ಒಬ್ಬ ಮುದಿ ಮಾಲಿ, ಕಳೆದುಹೋದ ಒಂದು ಉಯಿಲು. ಕೆಟ್ಟದ್ದು ಮೂರೇ ಜಾಗದಲ್ಲಿ. ಪೆನ್ಸಿಲಿನಲ್ಲಿ ಕಂಸ ಹಾಕಿ ಮುಚ್ಚಿದೆ. ಓದುವಾಗ ಕಂಸದಿಂದ ಕಂಸಕ್ಕೆ ಹಾರುತ್ತೇನೆ. ಹೊಲಿಗೆ ಕಾಣದ ಹಾಗೆ ನಡುವೆ ನನ್ನದೇ ಒಂದು ವಾಕ್ಯ.

ಅಕ್ಕ ನಿನ್ನೆ ಆರು ಗಂಟೆ ಅಲ್ಲಾಡದೆ ಮಲಗಿದ್ದಳು. "ಆ ನಡುವಿನವಳು ಇದ್ದಾಳಲ್ಲ, ಬಹಳ ಘಾಟಿ" ಅಂತ ಊಟದ ಹೊತ್ತಿಗೂ ಅದೇ ಮಾತು. ನನಗೆ ಅಳು ಬಂತು, ಸಂತೋಷಕ್ಕೆ.

ಮಾರ್ಚ್ 9

ಇವತ್ತೂ ಹಾಗೇ. ನೂರ ಇಪ್ಪತ್ತು ಪುಟ. ಹನಿ ಹಾಕುವ ಹೊತ್ತಾದರೂ "ತಾಳೇ, ಆ ಅಧ್ಯಾಯ ಮುಗಿಸು" ಅಂದಳು.

ಮಾರ್ಚ್ 11, ಸಂಜೆ 5

ಮಧ್ಯಾಹ್ನ ಎರಡು ಗಂಟೆಗೆ ಕೇಳಿದಳು, "ಆ ಮಾಲಿ ಎಲ್ಲಿ ಹೋದ?"

ಮಾಲಿಯನ್ನು ನಾನು ಶನಿವಾರವೇ ಕಂಸದಲ್ಲಿ ಹೂತಿದ್ದೆ. "ಅವನು... ಊರಿಗೆ ಹೋದ."

"ಯಾವಾಗ? ನಾನು ಕೇಳಿಸ್ಕೊಂಡಿಲ್ವಲ್ಲ."

"ನಿನಗೆ ನಿದ್ದೆ ಬಂದಿತ್ತು."

"ನಂಗೆ ನಿದ್ದೆ ಬಂದಿರ್ಲಿಲ್ಲ. ನೀನು ಬಿಟ್ಟಿದೀಯ." ಗಲಾಟೆಯಿಲ್ಲದೆ ಹೇಳಿದಳು. "ಒಂದು ಮಾತು ನುಂಗೋ ಮುಂಚೆ ನೀನು ಉಸಿರು ಎಳ್ಕೋತೀಯ. ಸಾಕ್ಷಿಗಳೂ ಹಾಗೇ. ಮೂರು ದಿನದಿಂದ ಲೆಕ್ಕ ಇಟ್ಟಿದೀನಿ, ಮೂರು ಸಲ. ಏನು ಮಾಡಿದ್ರು ಅವನಿಗೆ?"

"ಏನಿಲ್ಲ ಅಕ್ಕ."

"ಕೊಡಲಿನಾ?"

ಪುಸ್ತಕದಲ್ಲಿ ಇದ್ದದ್ದು ಬರೀ ಒಂದು ದೊಣ್ಣೆ ಏಟು. ಹಾಗಂತ ಹೇಳಿಬಿಟ್ಟಿದ್ದರೆ ಮುಗಿದಿತ್ತು. ಹೇಳಲಿಲ್ಲ. ರಕ್ಷಿಸುತ್ತಿದ್ದೇನೆ ಅಂದುಕೊಂಡೆ. ಅವಳು ತನ್ನ ಮೂವತ್ತೊಂದು ವರ್ಷದ ಕೇಸುಗಳನ್ನು ಒಂದೊಂದಾಗಿ ತೆಗೆದು ಆ ಮಾಲಿಯ ಮೈಮೇಲೆ ಹಾಕತೊಡಗಿದಳು. ಕುಡುಗೋಲಾ? ಹಗ್ಗಾನಾ? ಸೀಮೆಎಣ್ಣೆನಾ? ದನಿ ಏರುತ್ತ ಹೋಯಿತು. ನಾನು "ಇಲ್ಲ, ಇಲ್ಲ" ಅಂದಷ್ಟೂ ಅವಳಿಗೆ ಹೌದು ಅಂತಲೇ ಕೇಳಿಸುತ್ತಿತ್ತು. ಆಮೇಲೆ ಎದ್ದಳು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಮುಕ್ಕಾಲು ಗಂಟೆ. ಬಾಗಿಲು ಬಡಿದೆ, ಬೇಡಿಕೊಂಡೆ, ಅಮ್ಮನ ಆಣೆ ಹಾಕಿದೆ. ಒಳಗಿನಿಂದ ವಾಂತಿ ಮಾಡಿಕೊಳ್ಳುವ ಸದ್ದು.

ಬಾಗಿಲು ತೆರೆದು ನಿಂತಳು. "ಕೆಳಗಡೆಯಿಂದ ಏನೋ ಕಪ್ಪಗೆ ಮೇಲಕ್ಕೆ ಬರ್ತಿದೆ ಕಣೇ" ಅಂದಳು.

ಕಾರು ಬಂತು. ಆಸ್ಪತ್ರೆಗೆ ಹೊರಟೆವು.

ಮಾರ್ಚ್ 15

ಮತ್ತೆ ಕಿತ್ತಿತ್ತು. ಹನ್ನೆರಡಕ್ಕೆ ಮತ್ತೆ ಆಪರೇಷನ್. ಮತ್ತೆ ಗ್ಯಾಸ್. ಎಣಿಕೆ ಮತ್ತೆ ಒಂದರಿಂದ. ಇಪ್ಪತ್ತೊಂದು ದಿನ.

"ಏಳದೇ ಇದ್ದಿದ್ರೂ ಹೀಗೆ ಆಗಬಹುದಿತ್ತು" ಅಂದರು ಡಾಕ್ಟರು. ಆಗಬಹುದಿತ್ತು. ಆ ಒಂದು ಪದ ಹಿಡಿದುಕೊಂಡು ಎಷ್ಟು ದಿನ ನೇತಾಡಲಿ?

ಪೆನ್ಸಿಲ್ ಮುರಿದು ಕಸಕ್ಕೆ ಹಾಕಿದೆ. ಪೆನ್ಸಿಲ್ ಏನು ಮಾಡೀತು ಪಾಪ.

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಇನ್ಮೇಲೆ ಓದ್ಬೇಡ" ಅಂದಳು, ಅಷ್ಟೇ.

ಮಾರ್ಚ್ 16

ಹನಿ, ಚಹಾ, ಬಚ್ಚಲು, ಹನಿ.

ಮಾರ್ಚ್ 17, ಬೆಳಿಗ್ಗೆ 11

ಎರಡು ಸಲ ಎದ್ದಳು. ಕಾರಣವೇ ಇಲ್ಲ. "ಹೇಗೂ ಹೋಗೋ ಕಣ್ಣು, ಇವತ್ತು ಹೋದ್ರೇನು ನಾಳೆ ಹೋದ್ರೇನು" ಅಂದಳು. ಹೆಗಲು ಹಿಡಿದು ಮಲಗಿಸಿದೆ. ಅಕ್ಕನ ಮೈಮೇಲೆ ನಾನು ಬಲ ಬಳಸಿದ್ದು ಜನ್ಮದಲ್ಲಿ ಇದೇ ಮೊದಲು. ಅವಳು ನನ್ನ ಕೈ ಕೊಡವಿದಳು.

ಮಕ್ಕಳ ಪುಸ್ತಕವಾದರೂ ಇರಲಿ ಅಂತ ಪಕ್ಕದ ಬೀದಿಯ ಅಂಗಡಿಗೆ ಓಡಿದೆ. ನಿಂತಲ್ಲೇ ತಿರುವಿದೆ. ಒಂದರಲ್ಲಿ ನರಿಯ ಬಾಲ ಕತ್ತರಿಸುತ್ತಾರೆ. ಇನ್ನೊಂದರಲ್ಲಿ ರಾಕ್ಷಸನನ್ನು ಕುದಿಯುವ ಎಣ್ಣೆಗೆ ತಳ್ಳುತ್ತಾರೆ, ಬಣ್ಣದ ಚಿತ್ರ ಸಮೇತ. ಅಂಗಡಿಯವನು "ಎಷ್ಟು ವರ್ಷದ ಮಗೂಗೆ?" ಅಂದ. "ಅರವತ್ತೆರಡು" ಅಂದೆ. ಬರಿಗೈಯಲ್ಲಿ ಬಂದೆ.

ನಾನೇ ಕಟ್ಟಿ ಹೇಳೋಣ ಅಂತ ಕೂತೆ. ಒಂದೂರಲ್ಲಿ ಒಬ್ಬಳು ಹೆಂಗಸು. ಅವಳು ಕಿಟಕಿಯಲ್ಲಿ ನಿಂತಿದ್ದಳು. ಬೆಳಕು ಬೀಳುತ್ತಿತ್ತು. ಆಮೇಲೆ? ಆಮೇಲೆ ಬೆಳಕು ಇನ್ನಷ್ಟು ಬಿತ್ತು. ನನ್ನಿಂದ ಅಷ್ಟೇ ಆಗುವುದು. ಕವಿತೆ ಓದಿ ಓದಿ ನನ್ನ ತಲೆಯಲ್ಲಿ ಯಾರೂ ಹೊಸಿಲು ದಾಟುವುದೇ ಇಲ್ಲ.

ಮಾರ್ಚ್ 18, ಮಧ್ಯಾಹ್ನ

ಪುಸ್ತಕಗಳನ್ನು ವಾಪಸ್ ಕೊಡಲು ಹೋಗಿದ್ದೆ. ಲೈಬ್ರೇರಿಯನ್ ಕಂಸ ನೋಡಿಬಿಟ್ಟಳು. "ಏನು ಮೇಡಂ, ಓದಿದವರಾಗಿ ಪುಸ್ತಕದ ಮೇಲೆಲ್ಲ ಹೀಗೆ..." ಅಂದಳು. ಅಷ್ಟಕ್ಕೆ ನಾನು ಕೌಂಟರ್ ಹಿಡಿದುಕೊಂಡು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ಪೇಪರ್ ಓದುವವರ ಎದುರಿಗೆ.

ಎಲ್ಲ ಹೇಳಿದೆ. ಅಕ್ಕ, ಕೋರ್ಟು, ಮಾಲಿ, ಕಣ್ಣು.

"ಯಾರಿಗೆ ಅಂತ ಅವತ್ತೇ ಹೇಳಬಾರದಿತ್ತಾ? ಡಾಕ್ಟರ ಹತ್ರ ಹೋಗಿ ಔಷಧಿ ಕೇಳ್ತೀರಿ, ಕಾಯಿಲೆ ಹೇಳಲ್ಲ." ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ತನ್ನ ಮೇಜಿನ ಡ್ರಾಯರ್ ಎಳೆದು ಒಂದು ಪುಸ್ತಕ ತೆಗೆದಳು. ರಟ್ಟಿನ ಬಣ್ಣ ಹೋಗಿದೆ. ಕೊನೆಯ ಮೊಹರು ಹನ್ನೊಂದು ವರ್ಷ ಹಳೆಯದು.

"ಒಂದು ಚಿಕ್ಕ ರೈಲ್ವೆ ಸ್ಟೇಷನ್. ಜನ ಹತ್ತಲ್ಲ, ಇಳಿಯಲ್ಲ, ಮುಚ್ತೀವಿ ಅಂತ ಆರ್ಡರ್ ಬರತ್ತೆ. ಸ್ಟೇಷನ್ ಮಾಸ್ಟರ್ ತಾನೇ ಟಿಕೆಟ್ ಕೊಂಡು ಊರಿನೋರನ್ನ ದಿನಾ ಹತ್ತಿಸ್ತಾನೆ, ಮುಂದಿನ ಸ್ಟೇಷನ್ನಲ್ಲಿ ಇಳಿಸಿ ನಡೆಸ್ಕೊಂಡು ಬರ್ತಾನೆ. ನಾನು ಮೂರು ಸಲ ಓದಿದೀನಿ."

"ಯಾರಾದ್ರೂ ಸಾಯ್ತಾರಾ?"

"ಅದು ಹೇಳಿದ್ರೆ ನಾಲ್ಕನೇ ಸಲ ನಾನ್ಯಾಕೆ ಓದ್ಲಿ? ತಗೊಂಡ್ಹೋಗಿ."

ಮನೆಗೆ ಬಂದು ಅಕ್ಕನ ಮುಖದ ಕೆಳಗೆ ಕೂತೆ. ಮಾಲಿಗೆ ಬಿದ್ದದ್ದು ಒಂದು ದೊಣ್ಣೆ ಏಟು ಅಂತ ಹೇಳಿದೆ. ಎರಡು ಸಾಲು. ಅವನು ತಕ್ಷಣ ಸತ್ತ. ಕೊಡಲಿಯಿಲ್ಲ, ಸೀಮೆಎಣ್ಣೆಯಿಲ್ಲ.

"ಅಷ್ಟೇನಾ?"

"ಅಷ್ಟೇ."

"ಅಯ್ಯೋ ಮಂಕೇ."

ಮಾರ್ಚ್ 19

ಕರಾರು ಆಗಿದೆ. ಅಕ್ಕ ಬರೆಸಿದ್ದು.

ನಾನು ಮೊದಲೇ ಓದಿಕೊಂಡು ಬರಬಾರದು. ಬಂದರೆ ಗಂಟಲಲ್ಲೇ ಗೊತ್ತಾಗುತ್ತದಂತೆ. ಇಬ್ಬರೂ ಒಟ್ಟಿಗೇ ಕುರುಡಾಗಿ ಹೋಗಬೇಕು (ಅವಳ ಮಾತು). ಕೆಟ್ಟದ್ದು ಬಂದರೆ ನಿಲ್ಲಿಸಬೇಕು. ಏನು ಬಂದಿದೆ, ಎಷ್ಟು ಸಾಲು ಅಂತ ಹೇಳಬೇಕು. ಓದಬೇಕೋ ದಾಟಬೇಕೋ ಅವಳು ಹೇಳುತ್ತಾಳೆ.

"ಕೋರ್ಟಲ್ಲಿ ಕೆಲವು ಸಲ ಸಾಹೇಬರು, ಇದು ದಾಖಲೆಗೆ ಬೇಡ, ಅನ್ನೋರು. ಪೆನ್ನು ಎತ್ತಿಡ್ತಿದ್ದೆ. ಆ ಮಾತು ನನ್ನ ಮೈಗೆ ಅಂಟ್ತಿರಲಿಲ್ಲ ಕಣೇ. ಬಿಟ್ಟಿದ್ದು ಗೊತ್ತಿದ್ರೆ ಸಾಕು. ಗೊತ್ತಿಲ್ಲದ ಹಾಗೆ ಬಿಟ್ರೆ ಎಲ್ಲಾ ನಾನೇ ತುಂಬ್ಕೋಬೇಕು."

ನನಗೆ ಭಯ. ಪ್ರತಿ ಪುಟವನ್ನೂ ಮೂಲೆ ಹಿಡಿದು ನಿಧಾನಕ್ಕೆ ತಿರುಗಿಸುತ್ತೇನೆ. ರೈಲಿರುವ ಕಥೆ. ಕೊನೆಗೆ ಯಾರಾದರೊಬ್ಬರು ಹಳಿಗೆ ಬೀಳದೇ ಇರುತ್ತಾರಾ?

ಮಾರ್ಚ್ 22, ಬೆಳಿಗ್ಗೆ 10

ಇನ್ಸ್‌ಪೆಕ್ಷನ್ ಬಂತು. ಸ್ಟೇಷನ್ ಮಾಸ್ಟರು ಒಬ್ಬಳೇ ಮುದುಕಿಯನ್ನು ಮೂರು ಬೇರೆ ಬೇರೆ ಶಾಲು ಹೊದಿಸಿ ಮೂರು ಸಲ ಹತ್ತಿಸಿದ. ಅಕ್ಕನ ಬೆನ್ನು ಕುಲುಕುತ್ತಿತ್ತು. ಏನಾಯಿತೋ ಅಂತ ಗಾಬರಿಯಾದೆ. ನಗುತ್ತಿದ್ದಳು.

"ಅಲುಗಾಡ್ಬೇಡ್ವೇ!"

"ಮತ್ತೆ ನೀನು ನಗಿಸ್ಬೇಡ!"

ಕುಡಿದಿದ್ದ ಅಧಿಕಾರಿ ಬಾಯಿ ಬಿಟ್ಟ. ನಿಲ್ಲಿಸಿದೆ. "ಬೈಗುಳ. ಎರಡು ಪದ."

"ತಾಯಿದಾ?"

"ಹೂಂ."

"ದಾಟು."

ದಾಟಿದೆ. ಏನೂ ಆಗಲಿಲ್ಲ. ಏನೂ.

ಮಾರ್ಚ್ 27

ದಿನಕ್ಕೆ ಹನ್ನೆರಡೇ ಪುಟ. ಪುಸ್ತಕ ಕರಗುತ್ತಿದೆ, ದಿನಗಳು ಕರಗುತ್ತಿಲ್ಲ. ಮುಗಿದರೆ ಮುಂದೇನು ಅನ್ನುವುದೇ ಚಿಂತೆ. ಹಾಗಾಗಿ ಓದಿದ್ದನ್ನೇ ಮತ್ತೆ ಓದುತ್ತೇವೆ. ಅಕ್ಕ ಒಂದು ಸಲವೂ ಎದ್ದಿಲ್ಲ. ಕುತ್ತಿಗೆ ಊದಿಕೊಂಡಿದೆ, ಹಣೆಯ ಮೇಲೆ ಹುಣ್ಣು. ಎದ್ದಿಲ್ಲ.

ಮಾರ್ಚ್ 31, ಮಧ್ಯಾಹ್ನ

ಕೊನೆಯ ಅಧ್ಯಾಯ ಉಳಿದಿದೆ. ಸ್ಟೇಷನ್ ಉಳಿಯುತ್ತದೋ ಮುಚ್ಚುತ್ತದೋ ಅದರಲ್ಲಿ ಗೊತ್ತಾಗಬೇಕು. ಮಾಸ್ಟರು ಹಳಿಯ ಪಕ್ಕ ಒಬ್ಬನೇ ನಡೆಯುತ್ತಿದ್ದಾನೆ. ನನಗೆ ಈ ನಡಿಗೆ ಹಿಡಿಸುತ್ತಿಲ್ಲ.

ಪುಟ ತಿರುಗಿಸಲು ಹೋದೆ. ಅಕ್ಕ "ಬೇಡ" ಅಂದಳು.

"ಯಾಕೆ?"

"ಅದನ್ನ ನಾನೇ ಓದ್ತೀನಿ. ನನ್ನ ಕಣ್ಣಲ್ಲಿ. ಏನಿದ್ರೂ ಸರಿ. ಪುಸ್ತಕ ಇಲ್ಲೇ ನೆಲದ ಮೇಲೆ ಇಡು, ಕಾಣೋ ಹಾಗೆ."

ಅವಳ ಮುಖದ ನೇರಕ್ಕೆ ಇಟ್ಟೆ. ಗ್ಯಾಸಿನ ಮಂಜಿನಲ್ಲಿ ಅವಳಿಗೆ ಏನು ಕಂಡಿತೋ. ನಾಳಿದ್ದಿಗೆ ಇಪ್ಪತ್ತೊಂದು ದಿನ ತುಂಬುತ್ತದೆ, ಅಲ್ಲಿತನಕ ಅದನ್ನೇ ನೋಡುತ್ತ ಮಲಗಿರುತ್ತಾಳೆ.

ಏಪ್ರಿಲ್ 2, ಬೆಳಿಗ್ಗೆ 11.40. ಆಸ್ಪತ್ರೆಯ ಹೊರಗಿನ ಬೆಂಚು

ಅಂಟಿದೆ. ನಿಂತಿದೆ. ತಲೆ ಎತ್ತಬಹುದು. ಡಾಕ್ಟರು ಅಕ್ಕನ ಬೆನ್ನು ತಟ್ಟಿದರು. ನರ್ಸ್ ಅವಳನ್ನು ಇನ್ನೊಂದು ಪರೀಕ್ಷೆಗೆ ಕರೆದುಕೊಂಡು ಹೋದಳು. ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದರು.

"ನೋಡಿ ಮೇಡಂ, ಗ್ಯಾಸ್ ಪೂರ್ತಿ ಕರಗಿದ ಮೇಲೆ ಬೆಳಕು, ಆಕಾರ, ಬಾಗಿಲು, ಮನುಷ್ಯರು, ಎಲ್ಲಾ ಕಾಣತ್ತೆ. ಓಡಾಡ್ಕೋಬಹುದು. ಆದ್ರೆ ಎರಡನೇ ಸಲ ಕಿತ್ತಾಗ ಮಧ್ಯದ ಭಾಗಾನೂ ಎದ್ದಿತ್ತು. ಅಕ್ಷರ ಓದೋದು ಆಗಲ್ಲ ಅಂತ್ಲೇ ನನ್ನ ಅಂದಾಜು. ಅವರಿಗೆ ಈಗ್ಲೇ ಹೇಳ್ತೀರೋ, ಸ್ವಲ್ಪ ದಿನ ಬಿಟ್ಟು ಹೇಳ್ತೀರೋ, ನಿಮಗೆ ಬಿಟ್ಟಿದ್ದು."

ನನಗೆ ಬಿಟ್ಟಿದ್ದು.

ಎರಡನೇ ಸಲ. ಮಾರ್ಚ್ ಹನ್ನೊಂದು, ಮಧ್ಯಾಹ್ನ ಎರಡು.

ಒಳಗೆ ಅಕ್ಕ ನರ್ಸ್ ಹತ್ತಿರ ಜೋರಾಗಿ ಮಾತಾಡುತ್ತಿದ್ದಾಳೆ. ರೈಲಿನ ಕಥೆ ಹೇಳುತ್ತಿದ್ದಾಳೆ. ಎಷ್ಟು ಖುಷಿಯಾಗಿದ್ದಾಳೆ. ಒಂದು ವಾರ ಬಿಟ್ಟು ಹೇಳಿದರೆ... ಒಂದು ತಿಂಗಳು...

ಮಧ್ಯಾಹ್ನ 3.30. ಮನೆ

ಕಾರಿನಲ್ಲೇ ಕೇಳಿದಳು. ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು, ಐದು ವಾರದ ಮೇಲೆ ಆಕಾಶ.

"ನಿನ್ನನ್ನ ಒಬ್ಬಳನ್ನೇ ಕರೆದ್ರಲ್ಲ, ಏನಂದ್ರು?"

ಉಸಿರು ಎಳೆದುಕೊಂಡೆ. ಅದು ನನಗೂ ಕೇಳಿಸಿತು.

ಹೇಳಿದೆ. ಡಾಕ್ಟರು ಹೇಳಿದ ಕ್ರಮದಲ್ಲೇ, ಒಂದು ಪದ ಬಿಡದೆ. ಬೆಳಕು, ಆಕಾರ, ಬಾಗಿಲು, ಮನುಷ್ಯರು. ಮಧ್ಯದ ಭಾಗ. ಅಕ್ಷರ. ಮೃದು ಮಾಡುವ ಒಂದು ಮಾತೂ ಸೇರಿಸಲಿಲ್ಲ.

ಅಕ್ಕ ಮತ್ತೆ ಕಿಟಕಿಯತ್ತ ತಿರುಗಿದಳು. ಮನೆಗೆ ಬಂದಳು. ಗೋಡೆ ಹಿಡಿಯದೆ ನಡೆದಳು. ಮಂಚದ ಮೇಲೆ ಅಂಗಾತ ಮಲಗಿದಳು. ಹಾಗೆ ಮಲಗಿಯೇ ಅತ್ತಳು. ನೀರು ಎರಡೂ ಕಡೆ ಕಿವಿಯತ್ತ ಹರಿಯಿತು. ಒರೆಸಲು ಹೋದೆ. ಕೈ ತಳ್ಳಿದಳು. ಆಮೇಲೆ ಹಿಡಿದುಕೊಂಡಳು.

"ಆ ಪುಸ್ತಕ ಎತ್ತಿಡು" ಅಂದಳು. ಎತ್ತಿಟ್ಟೆ.

ಸಂಜೆ 5

ಅಡುಗೆಮನೆಯಲ್ಲಿ ಕೂತಿದ್ದೇನೆ. ಇಪ್ಪತ್ತೊಂದು ದಿನಕ್ಕೆ ಒಂದು ಪುಸ್ತಕ ಹುಡುಕಲು ಜೀವ ಹೋಯಿತು. ಅಕ್ಕನಿಗೆ ಅರವತ್ತೆರಡು. ಅಮ್ಮ ತೊಂಬತ್ತೊಂದರ ತನಕ ಇದ್ದಳು. ಎಲ್ಲಿಂದ ತರಲಿ? ಯಾರು ಬರೆದಿದ್ದಾರೆ ಅಷ್ಟೊಂದು?

ಕರೆಯುತ್ತಿದ್ದಾಳೆ.

ಹೋಗಿ ಬಂದೆ, ನೀರಿಗಿರಬೇಕು ಅಂದುಕೊಂಡು. ನೀರಿಗಲ್ಲ. ಬಾಗಿಲ ಕಡೆ ಮುಖ ಮಾಡಿ ಎದ್ದು ಕೂತಿದ್ದಳು. "ಸ್ಟೇಷನ್ ಮುಚ್ತಾರೋ ಇಲ್ವೋ, ಅದಾದ್ರೂ ಗೊತ್ತಾಗ್ಲಿ. ಬಾ, ಓದು."

ಕೊನೆಯ ಅಧ್ಯಾಯ. ಹದಿನೆಂಟು ಪುಟ. ಇಲ್ಲಿ ಅಡುಗೆಮನೆಯಲ್ಲಿ ಎತ್ತಿಟ್ಟಿದ್ದ ಪುಸ್ತಕ ತರಲು ಬಂದವಳು ಮತ್ತೆ ಕೂತಿದ್ದೇನೆ, ಅದು ಈಗ ನನ್ನ ತೊಡೆಯ ಮೇಲಿದೆ. ಒಂದೇ ಒಂದು ಸಲ ತಿರುವಿ ನೋಡಿಬಿಡಬಹುದು, ಅವಳು ಆ ಕೋಣೆಯಲ್ಲಿದ್ದಾಳೆ. ನೋಡುವುದಿಲ್ಲ. ಹಳಿಯ ಪಕ್ಕ ಅವನು ನಡೆಯುತ್ತಿದ್ದ. ಗಾಡಿ ಬರುವ ಹೊತ್ತಾಗಿತ್ತು. ಅದರಾಚೆ ಏನಿದೆಯೋ ನನಗೆ

ಮತ್ತೆ ಕರೆದಳು